ಪದ ಪರಿಚಯ: ಕೋವಿ

ಕೊಳವೆ, ಕೊಳಲುಗಳ ಬಳಗದ್ದೇ ಕೋವಿ, ಮೂಲಾರ್ಥ ನಳಿಗೆ. ಬಂದೂಕು ಅರಬ್ಬಿಯದು, ತುಪಾಕಿ ತುರ್ಕಿಯದು. ಕೋವಿ ಮಾತ್ರ ಮನೆಯ ಮಗಳು.

1520ರಲ್ಲಿ ಕೃಷ್ಣದೇವರಾಯ ಹಂಪಿಯಿಂದ ದಂಡೆತ್ತಿ ಹೋಗಿ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ, ಪೋರ್ಚುಗೀಸ್ ಫಿಗೆರೆಡೊನ ಕೋವಿಗಾರರು ಗೋಡೆಯ ಮೇಲೆ ತಲೆ ಎತ್ತಿದವರನ್ನೆಲ್ಲ ಹೊಡೆದುರುಳಿಸಿದರು. ಆ ಸಂದಿನಲ್ಲೇ ರಾಯನ ಬಂಟರು ಕೋಟೆಯ ಕಲ್ಲು ಕಿತ್ತರು.

ಇಂದಿನ ಕಾನೂನಿಗೂ ಆ ನಳಿಗೆಯ ಮೇಲೇ ಕಣ್ಣು. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಅದನ್ನು ಕತ್ತರಿಸಿ ಗಿಡ್ಡ ಮಾಡುವಂತಿಲ್ಲ. ಉದ್ದನೆಯ ಕೋವಿಯನ್ನು ಸಾರ್ವಜನಿಕ ಜಾಗದಲ್ಲಿ ಒಯ್ಯುವುದಾದರೆ ಚೀಲದಲ್ಲಿ ಪೂರ್ತಿ ಮುಚ್ಚಿರಬೇಕು. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವ ಶೋಕಿಯಂತೂ ಅಪರಾಧವೇ. ಚುನಾವಣೆ ಘೋಷಣೆಯಾದರೆ ಹೊಸಪೇಟೆ, ಸಂಡೂರು, ಕಂಪ್ಲಿಯ ಪರವಾನಗಿದಾರರು ಸಾಮಾನ್ಯವಾಗಿ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು.