ಹನ್ನೆರಡು ಹಲ್ಲಿನ ವಂಶಾವಳಿ

ಹಾಲುಹಲ್ಲು ಬಿದ್ದ ಜಾಗದಲ್ಲಿ ಶಾಶ್ವತ ಹಲ್ಲು ಹುಟ್ಟದೇ ಉಳಿಯುವುದು ಅಂಥ ಅಪರೂಪವೇನಲ್ಲ. ಬುದ್ಧಿಹಲ್ಲುಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ನೂರರಲ್ಲಿ ಐದಾರು ಮಂದಿಗೆ ಒಂದೋ ಎರಡೋ ಹಲ್ಲಿನ ಮೊಳಕೆಯೇ ಇರುವುದಿಲ್ಲ. ಆರಕ್ಕಿಂತ ಹೆಚ್ಚು ಹಲ್ಲು ಇಲ್ಲದವರು ಮಾತ್ರ ವಿರಳ. ಆ ವಿರಳರ ಪೈಕಿ ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲಿ ಹೆಚ್ಚು ಉಲ್ಲೇಖಗೊಂಡ ಕುಟುಂಬವೊಂದು ಮುಂಬೈ ಪ್ರಾಂತ್ಯದ ಆಡಳಿತಕ್ಕೆ ಸೇರಿದ್ದ ಸಿಂಧ್‌ನದು. ಚಾರ್ಲ್ಸ್ ಡಾರ್ವಿನ್ ಸಾಕುಪ್ರಾಣಿ ಮತ್ತು ಬೆಳೆಗಳ ವೈವಿಧ್ಯದ ಬಗ್ಗೆ ಬರೆದ ಗ್ರಂಥದ 1875ರ ಎರಡನೆಯ ಆವೃತ್ತಿಯಲ್ಲಿ ಆ ಮನೆಯ ಸಂಗತಿ ಇದೆ. ನಾಲ್ಕು ತಲೆಮಾರುಗಳಲ್ಲಿ ಹತ್ತು ಗಂಡಸರಿಗೆ ಎರಡೂ ದವಡೆ ಸೇರಿ ನಾಲ್ಕು ಸಣ್ಣ, ದುರ್ಬಲ ಬಾಚಿಹಲ್ಲು, ಎಂಟು ಹಿಂದಿನ ದವಡೆಹಲ್ಲು. ಮೂವತ್ತೆರಡು ಇರಬೇಕಾದ ಬಾಯಲ್ಲಿ ಬರೀ ಹನ್ನೆರಡು. ಮೈಮೇಲೆ ಕೂದಲು ವಿರಳ, ತಲೆ ಬೇಗನೆ ಬೋಳು. ಬೇಸಿಗೆಯಲ್ಲಿ ಚರ್ಮ ಒಣಗಿ ಅವರು ಬಹಳ ಪಾಡು ಪಡುತ್ತಿದ್ದರು. ಹೆಣ್ಣುಮಕ್ಕಳಲ್ಲಿ ಯಾರಿಗೂ ಈ ತೊಂದರೆ ಇಲ್ಲ, ಆದರೆ ಅವರ ಗಂಡುಮಕ್ಕಳಿಗೆ ಅದು ಬರುತ್ತದೆ. ತಂದೆಯಿಂದ ಮಗನಿಗೆ ಬಂದ ಉದಾಹರಣೆ ಒಂದೂ ಇಲ್ಲ. ಇಷ್ಟನ್ನು ಡಾರ್ವಿನ್‌ಗೆ ತಿಳಿಸಿದವರು ಡಬ್ಲ್ಯು. ವೆಡ್ಡರ್‌ಬರ್ನ್ ಎಂಬವರು.

ಈ ಪ್ರಕರಣವನ್ನು ಡಾರ್ವಿನ್ ಗಮನಿಸಿದ್ದು ಎಂದೇ ಪುಸ್ತಕಗಳು ಬರೆಯುತ್ತ ಬಂದಿವೆ. ನನ್ನ ವಾದ ಬೇರೆ: ಇದನ್ನು ಮೊದಲು ಗಮನಿಸಿದ್ದು ಆ ಮನೆಯವರೇ. ನಾಲ್ಕು ತಲೆಮಾರು ಎಂದರೆ ಸುಮಾರು ನೂರು ವರ್ಷ. ಸಿಂಧ್ ಬ್ರಿಟಿಷರ ಕೈಗೆ ಬಂದದ್ದು 1843ರಲ್ಲಿ, ಮುಂಬೈ ಪ್ರಾಂತ್ಯಕ್ಕೆ ಸೇರಿದ್ದು 1847ರಲ್ಲಿ. ಅಂದಮೇಲೆ ಆ ಹತ್ತು ಬಾಯಿಗಳನ್ನೂ ಕಣ್ಣಾರೆ ಕಂಡ ಬ್ರಿಟಿಷ್ ಅಧಿಕಾರಿಯಾಗಲಿ ವೈದ್ಯನಾಗಲಿ ಇರಲು ಸಾಧ್ಯವಿಲ್ಲ. ಹಲ್ಲು ಒಳಗೆ ಅಡಗಿದೆಯೋ ಹುಟ್ಟಿಯೇ ಇಲ್ಲವೋ ಎಂದು ಹೇಳಬಲ್ಲ ಎಕ್ಸ್‌ರೇ ಬಂದದ್ದು 1895ರ ನಂತರ. ಉದುರಿದ್ದಲ್ಲ, ಹುಟ್ಟಿಯೇ ಇಲ್ಲ ಎಂದು ಸತ್ತವರ ಬಗ್ಗೆಯೂ ಖಚಿತವಾಗಿ ಹೇಳಬಲ್ಲವರು ಅವರನ್ನು ಮಗುವಾಗಿದ್ದಾಗಿನಿಂದ ಕಂಡವರು ಮಾತ್ರ. ಇದಕ್ಕಿಂತ ಬಲವಾದ ಸಾಕ್ಷ್ಯ ಹೆಣ್ಣುಮಕ್ಕಳ ಸಂಗತಿಯಲ್ಲಿದೆ. ಜಮೀನಿನ ದಫ್ತರವಾಗಲಿ ಆಸ್ತಿ ವ್ಯಾಜ್ಯದ ವಂಶಾವಳಿಯಾಗಲಿ ತಂದೆ, ಮಗ, ಮೊಮ್ಮಗ ಎಂಬ ಸಾಲಿನಲ್ಲೇ ನಡೆಯುತ್ತದೆ; ಮದುವೆಯಾಗಿ ಹೋದ ಮಗಳು ಅಲ್ಲಿಗೆ ಮುಗಿದಳು. ಆಕೆ ಕೊಟ್ಟ ಮನೆಯಲ್ಲಿ ಹೆತ್ತ ಮಗನಿಗೆ ಹಲ್ಲು ಬಂತೋ ಇಲ್ಲವೋ ಎಂಬ ಸುದ್ದಿ ತಲುಪುವುದು ತವರಿಗೆ. ಮೊಮ್ಮಗನ ಬಾಯಿ ನೋಡಿ ‘ಇವನದು ಅಜ್ಜನ ಬಾಯಿ, ಸೋದರಮಾವನ ಬಾಯಿ’ ಎಂದು ಗುರುತಿಸಬಲ್ಲವರೂ ತವರಿನವರೇ. ಹಾಗಾಗಿ ಡಾರ್ವಿನ್ ಕೈ ಸೇರಿದ ನಿಯಮ ಹುಟ್ಟಿದ್ದು ಮನೆಯೊಳಗಿನ ನೆನಪಿನಲ್ಲಿ. ಅದನ್ನು ಕಾಪಾಡಿದವರಲ್ಲಿ ಹೆಂಗಸರ ಪಾಲು ದೊಡ್ಡದಿರಲೇಬೇಕು.

ಇದಕ್ಕೊಂದು ಗಟ್ಟಿ ಆಕ್ಷೇಪ ಎತ್ತಬಹುದು. ರಕ್ತ ಹೆಪ್ಪುಗಟ್ಟದ ರೋಗವು ಹೆಂಗಸರ ಮೂಲಕ ಗಂಡುಮಕ್ಕಳಿಗೆ ಬರುತ್ತದೆಂದು ಅಮೆರಿಕದ ವೈದ್ಯ ಜಾನ್ ಆಟೊ 1803ರಲ್ಲೇ ಬರೆದಿದ್ದ. ಓದಿಕೊಂಡ ಇಂಗ್ಲಿಷರಿಗೆ ಆ ಮಾದರಿ ಗೊತ್ತಿತ್ತು. ಅದನ್ನೇ ಸಿಂಧ್‌ನ ಮನೆಗೂ ಹೊಂದಿಸಿ ಹೇಳಿರಬಹುದಲ್ಲ? ಹೊಂದಿಸಿರಬಹುದು. ಆದರೆ ಹೊಂದಿಸಲಿಕ್ಕೂ ಸಾಮಗ್ರಿ ಬೇಕು. ಪ್ರಶ್ನೆ ಹೊರಗಿನವರದ್ದೇ ಆಗಿದ್ದರೂ ಉತ್ತರ ಮನೆಯವರದ್ದು. ಡಾರ್ವಿನ್‌ಗೆ ಬೇಕಾಗಿದ್ದದ್ದಂತೂ ಬೇರೆಯೇ: ಕೂದಲಿಗೂ ಹಲ್ಲಿಗೂ ಇರುವ ನಂಟು. ಕೂದಲಿಲ್ಲದ ನಾಯಿಗಳಿಗೆ ಹಲ್ಲು ಕಡಿಮೆ, ಮೈತುಂಬ ಕೂದಲಿದ್ದ ಬರ್ಮಾದ ಕುಟುಂಬವೊಂದಕ್ಕೂ ಹಲ್ಲು ಕಡಿಮೆ ಎಂದು ಬರೆಯುತ್ತ ಆತ ಸಿಂಧ್‌ನ ಗಂಡಸರನ್ನು ಆ ಸಾಲಿಗೆ ಸೇರಿಸಿದ. ನಂಟಿನ ಊಹೆ ಸರಿಯಾಗಿತ್ತು. ಭ್ರೂಣದ ಹೊರಪದರದಿಂದಲೇ ಕೂದಲು, ಬೆವರುಗ್ರಂಥಿ, ಹಲ್ಲಿನ ಎನಾಮೆಲ್ ಮೂರೂ ರೂಪುಗೊಳ್ಳುತ್ತವೆ. ಬೇಸಿಗೆಯ ಸಂಕಟದ ಕಾರಣವೂ ಅದರಲ್ಲೇ ಇದೆ. ಸಿಂಧ್‌ನ ಸುಡುಬಿಸಿಲಿನಲ್ಲಿ ಬೆವರದ ಮೈ ತಣಿಯುವುದಾದರೂ ಹೇಗೆ?

ಮನೆಯವರ ನೆನಪಿಗೂ ಮಿತಿ ಇತ್ತು ಎಂಬುದನ್ನು ಒಪ್ಪಲೇಬೇಕು. ಹೆಣ್ಣುಮಕ್ಕಳಿಗೆ ಏನೂ ಇಲ್ಲ ಎಂಬ ಮಾತು ಪೂರ್ತಿ ನಿಜವಾಗಿರಲಾರದು. ಈ ದೋಷಕ್ಕೆ ಕಾರಣವಾದ, ಎಕ್ಸ್ ವರ್ಣತಂತುವಿನಲ್ಲಿರುವ ಇಡಿಎ ಎಂಬ ವಂಶವಾಹಿ 1996ರಲ್ಲಿ ಪತ್ತೆಯಾಯಿತು. ಗಂಡಿಗೆ ಇರುವುದು ಒಂದೇ ಎಕ್ಸ್, ಅದು ತಾಯಿಯಿಂದ ಬಂದದ್ದು. ತಂದೆ ಮಗನಿಗೆ ಕೊಡುವುದು ವೈ. ತಂದೆಯಿಂದ ಮಗನಿಗೆ ದೋಷ ದಾಟದ ಗುಟ್ಟು ಇಷ್ಟೇ. ಹೆಣ್ಣಿಗೆ ಎರಡು ಎಕ್ಸ್. ಒಂದೊಂದು ಜೀವಕೋಶದಲ್ಲಿ ಅವುಗಳಲ್ಲೊಂದು ಸುಮ್ಮನಾಗುತ್ತದೆ ಎಂದು ವಿಜ್ಞಾನಿ ಮೇರಿ ಲಯನ್ 1961ರಲ್ಲಿ ಮಂಡಿಸಿದರು. ಹೀಗಾಗಿ ದೋಷವನ್ನು ಹೊತ್ತ ಹೆಣ್ಣಿನ ಚರ್ಮ ಪಟ್ಟೆಪಟ್ಟೆಯಾಗಿ ಬೆವರುತ್ತದೆ. ಹಲವರಲ್ಲಿ ಒಂದೆರಡು ಹಲ್ಲು ಇರುವುದಿಲ್ಲ, ಇಲ್ಲವೇ ಬಾಚಿಹಲ್ಲು ಮೊಳೆಯಂತೆ ಚೂಪಾಗಿರುತ್ತದೆ. ಇಂಥ ಸಣ್ಣ ಗುರುತುಗಳು ಆ ಮನೆಯ ಹೆಣ್ಣುಮಕ್ಕಳಲ್ಲೂ ಇದ್ದಿರಬೇಕು. ಹನ್ನೆರಡೇ ಹಲ್ಲಿನ ಅಣ್ಣತಮ್ಮಂದಿರ ಎದುರು ಅವು ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಕರ್ನಾಟಕದ ಓದುಗರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಹಲ್ಲಿಲ್ಲದ ಸೋದರಮಾವ ದೋಷವನ್ನು ಹೊತ್ತ ಅಕ್ಕನ ಮಗಳನ್ನೇ ಮದುವೆಯಾದರೆ, ಹುಟ್ಟುವ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮಂದಿ ಎರಡೂ ಕಡೆಯಿಂದ ಅದನ್ನು ಪಡೆದು ಮಾವನಂತೆಯೇ ಆಗುವ ಸಂಭವವಿದೆ. ನಾಲ್ಕು ತಲೆಮಾರಿನಲ್ಲಿ ಅಂಥ ಒಬ್ಬ ಮಗಳೂ ಸಿಂಧ್‌ನ ದಾಖಲೆಯಲ್ಲಿ ಇಲ್ಲದಿರುವುದನ್ನು ನೋಡಿದರೆ ಆ ಮನೆಯಲ್ಲಿ ಅಂಥ ಮದುವೆ ವಾಡಿಕೆಯಲ್ಲಿರಲಿಲ್ಲ ಎನಿಸುತ್ತದೆ. ಮದುವೆಯ ಪದ್ಧತಿ ಬೇರೆಯಾಗಿದ್ದರೆ ‘ಗಂಡಸರಿಗೆ ಮಾತ್ರ’ ಎಂಬ ಸೂತ್ರವೇ ಹುಟ್ಟುತ್ತಿರಲಿಲ್ಲವೇನೋ.

ಡಾರ್ವಿನ್‌ನ ನಂತರ ಇದನ್ನು ಮತ್ತೆ ಕೈಗೆತ್ತಿಕೊಂಡವರು ಸಿಂಧ್‌ನವರೇ ಆದ ಕೆ. ಐ. ಥಡಾನಿ. ಅಮೆರಿಕದ ‘ಜರ್ನಲ್ ಆಫ್ ಹೆರಿಡಿಟಿ’ಯಲ್ಲಿ 1921ರಲ್ಲೂ 1934ರಲ್ಲೂ ಅವರು ಸಿಂಧ್‌ನ ಹಲ್ಲಿಲ್ಲದ ಗಂಡಸರ ಬಗ್ಗೆ ಬರೆದರು. ಅಷ್ಟು ಹೊತ್ತಿಗೆ ನೊಣಗಳ ಮೇಲೆ ವಿಜ್ಞಾನಿ ಮಾರ್ಗನ್ ನಡೆಸಿದ ಪ್ರಯೋಗಗಳಿಂದ ಲಿಂಗಸಂಬಂಧಿ ಅನುವಂಶೀಯತೆ ಸ್ಪಷ್ಟವಾಗಿತ್ತು. ಮನೆಯವರು ಮೊದಲೇ ಹೇಳಿದ್ದಕ್ಕೆ ವಿಜ್ಞಾನದ ಮುದ್ರೆ ಬಿದ್ದಂತಾಯಿತು. ಚಿಕಿತ್ಸೆ ಮಾತ್ರ ಎಲ್ಲೂ ಪ್ರಸ್ತಾಪಕ್ಕೆ ಬರಲಿಲ್ಲ. ಮುಂಬೈಯಲ್ಲಿ ಗ್ರಾಂಟ್ ವೈದ್ಯಕೀಯ ಕಾಲೇಜು ತೆರೆದದ್ದು 1845ರಲ್ಲಿ. ಹಲ್ಲಿಗೆಂದೇ ನಾಯರ್ ಡೆಂಟಲ್ ಕಾಲೇಜು ಬಂದದ್ದು 1933ರಲ್ಲಿ. ದಂತವೈದ್ಯರ ಕಾಯಿದೆ ಬಂದದ್ದು 1948ರಲ್ಲಿ. ಹಲ್ಲಿಲ್ಲದ ಮನುಷ್ಯ ಅಲ್ಲಿಯವರೆಗೆ ವಿಜ್ಞಾನಕ್ಕೆ ಉದಾಹರಣೆಯಾದನೇ ಹೊರತು ರೋಗಿಯಾಗಲಿಲ್ಲ.

ಇದು ಸಿಂಧ್‌ನ ಕತೆ, ಮುಂಬೈಗೆ ಏನು ಸಂಬಂಧ ಎಂದು ಕೇಳಬಹುದು. 1936ರ ಏಪ್ರಿಲ್‌ವರೆಗೆ ಸಿಂಧ್ ಮುಂಬೈ ಪ್ರಾಂತ್ಯದ ಭಾಗವೇ ಆಗಿತ್ತು. 1947ರ ವಿಭಜನೆಯ ನಂತರ ಸಿಂಧಿ ಹಿಂದೂಗಳು ದೊಡ್ಡ ಸಂಖ್ಯೆಯಲ್ಲಿ ಬಂದು ನೆಲೆಸಿದ್ದು ಇದೇ ನಗರದ ಆಸುಪಾಸಿನಲ್ಲಿ: ಚೆಂಬೂರಿನ ಕ್ಯಾಂಪಿನಲ್ಲಿ, ಮುಲುಂಡಿನಲ್ಲಿ, 1949ರಲ್ಲಿ ಉಲ್ಹಾಸನಗರವೆಂದು ಹೆಸರು ಪಡೆದ ಕಲ್ಯಾಣದ ಮಿಲಿಟರಿ ಬ್ಯಾರಕ್ಕುಗಳಲ್ಲಿ. ಡಾರ್ವಿನ್ ದಾಖಲಿಸಿದ ಮನೆತನವೇ ಇಲ್ಲಿಗೆ ಬಂತು ಎಂದು ನಾನು ಹೇಳುತ್ತಿಲ್ಲ. ಈ ದೋಷ ಒಂದು ಜನಾಂಗದ ಸೊತ್ತೂ ಅಲ್ಲ, ಜಗತ್ತಿನ ಎಲ್ಲೆಡೆ ಇದೆ. ಆದರೆ ವಲಸೆ ಒಂದನ್ನು ಕಡಿಯುತ್ತದೆ: ತವರಿಗೂ ಕೊಟ್ಟ ಮನೆಗೂ ನಡುವಿನ ಓಡಾಟವನ್ನು. ಅಕ್ಕ ಒಂದು ಕ್ಯಾಂಪು, ತಮ್ಮ ಇನ್ನೊಂದು ಊರು ಎಂದಾದಾಗ ನಾಲ್ಕು ತಲೆಮಾರಿನ ಬಾಯಿಗಳನ್ನು ಒಟ್ಟಿಗೆ ನೆನಪಿಡುವವರು ಯಾರು? ಈ ಮಾತು ಉಡುಪಿ, ಮಂಗಳೂರುಗಳಿಂದ ಬಂದು ಮುಂಬೈಯಲ್ಲಿ ನೆಲೆ ನಿಂತ ಕನ್ನಡಿಗ, ತುಳುವ ಕುಟುಂಬಗಳಿಗೂ ಅಷ್ಟೇ ಸಲ್ಲುತ್ತದೆ.

ವಂಶವಾಹಿ ಪರೀಕ್ಷೆ ಇರುವಾಗ ನೆನಪಿನ ಹಂಗೇಕೆ ಎಂಬುದು ಕೊನೆಯ ಆಕ್ಷೇಪ. ಪರೀಕ್ಷೆ ಬೇಕು ಎಂದು ಮೊದಲು ಅನುಮಾನ ಬರಬೇಕಲ್ಲ! ಬೆವರದ ಹಸುಗೂಸಿಗೆ ಬೇಸಿಗೆಯಲ್ಲಿ ಜ್ವರ ಏರಿದಾಗ ಸೋಂಕನ್ನು ಹುಡುಕುವುದು ವಾಡಿಕೆ. ಹಲ್ಲು ಬರುವ ವಯಸ್ಸು ದಾಟಿದ ಮೇಲೇ ಬಹಳಷ್ಟು ಮಂದಿಗೆ ನಿಜ ಹೊಳೆಯುವುದು. ಬೇಗ ತಿಳಿದಷ್ಟೂ ಲಾಭ. ಹಲ್ಲಿಲ್ಲದ ಕಡೆ ದವಡೆಯ ದಂಡೆ ಬೆಳೆಯದೆ ತೆಳ್ಳಗೆ ಉಳಿಯುತ್ತದೆ. ಮೂರ್ನಾಲ್ಕು ವರ್ಷಕ್ಕೇ ಸಣ್ಣ ಹಲ್ಲಿನ ಸೆಟ್ಟು ಕೂಡಿಸಿ, ಬಾಯಿ ಬೆಳೆದಂತೆ ಬದಲಿಸುತ್ತ ಹೋಗಬೇಕು. ಇಂಪ್ಲಾಂಟಿಗೆ ಸಾಮಾನ್ಯವಾಗಿ ಬೆಳವಣಿಗೆ ಮುಗಿಯುವವರೆಗೆ ಕಾಯಬೇಕು. ಹುಟ್ಟದ ಹಲ್ಲನ್ನು ಬೆಳೆಸುವ ಔಷಧವೊಂದು ಜಪಾನಿನ ಕ್ಯೋಟೊದಲ್ಲಿ 2024ರಲ್ಲಿ ಮನುಷ್ಯರ ಮೇಲಿನ ಮೊದಲ ಹಂತದ ಪ್ರಯೋಗಕ್ಕೆ ಬಂದಿದೆ. ಮಕ್ಕಳ ಕೈಗೆ ಅದು ತಲುಪಲು ಇನ್ನೂ ಸಮಯ ಬೇಕು. ಅಲ್ಲಿಯವರೆಗೆ ಮುಂಬೈಯ ದಂತವೈದ್ಯರ ಕೈಯಲ್ಲಿರುವ ಅಗ್ಗದ ಉಪಕರಣ ಒಂದು ಪ್ರಶ್ನೆ. ಅದನ್ನು ತಾಯಿಗೇ ಕೇಳಬೇಕು: ನಿಮ್ಮ ಅಣ್ಣತಮ್ಮಂದಿರಿಗೆ, ನಿಮ್ಮ ತಾಯಿಯ ಅಣ್ಣತಮ್ಮಂದಿರಿಗೆ ಹಲ್ಲು ಹೇಗಿತ್ತು? ಇದನ್ನು ಆಕೆ ತನ್ನ ಮೇಲಿನ ಆರೋಪ ಎಂದುಕೊಳ್ಳದಂತೆ ಕೇಳುವ ಜಾಣ್ಮೆಯೂ ವೈದ್ಯರಿಗೆ ಬೇಕು. ಏಕೆಂದರೆ ‘ತಾಯಿಯಿಂದ ಬಂತು’ ಎಂಬ ಒಂದೇ ವಾಕ್ಯ ನಮ್ಮ ಮನೆಗಳಲ್ಲಿ ಸೊಸೆಯ ತಪ್ಪಾಗಲು ತಡವಾಗುವುದಿಲ್ಲ. ಸಿಂಧ್‌ನ ಆ ಮನೆ ಹೆಣ್ಣಿನ ಕಡೆಯ ಸಂಬಂಧವನ್ನು ಲೆಕ್ಕಕ್ಕೆ ಹಿಡಿದದ್ದರಿಂದಲೇ ವಿಜ್ಞಾನಕ್ಕೆ ಒಂದು ನಿಯಮ ದಕ್ಕಿತು. ಆ ಲೆಕ್ಕದ ಶ್ರೇಯಸ್ಸು ಮನೆಯವರಿಗೆ ಸಲ್ಲಬೇಕು. ಡಾರ್ವಿನ್‌ಗೆ ಅದನ್ನು ಅಚ್ಚು ಹಾಕಿಸಿ ಉಳಿಸಿದ ಶ್ರೇಯಸ್ಸು ಸಾಕು.