ಕತ್ತಿಯ ಕುಣಿತ ಮತ್ತು 50 ವರ್ಷದ ನೆನಪು

ಮೊಣಕಾಲು ನೋವಿಗೆ ತಾಯ್‌ಚಿ ಒಳ್ಳೆಯದು ಅಂತ ಯಾರೋ ಹೇಳಿದರು. ಹಾಗಾಗಿ ಈಗ ಬೆಳಿಗ್ಗೆ ಮುಂಬಯಿಯ ನಮ್ಮ ಕಟ್ಟಡದ ತಾರಸಿಯಲ್ಲಿ ಮರದ ಕತ್ತಿ ಹಿಡಿದು ನಿಲ್ಲುತ್ತೇನೆ. ಪಕ್ಕದ ಮನೆಯವರು ನಗುತ್ತಾರೆ. ನಗಲಿ ಬಿಡಿ. ಈ ಕತ್ತಿಯ ಹಿಂದಿನ ಕತೆ ಹುಡುಕಿ ಹೋದಾಗ ಸಿಕ್ಕಿದ್ದನ್ನು ನಿಮಗೂ ಹೇಳೋಣ ಅನ್ನಿಸಿತು.

ಚೀನಾದ ಈ ಕತ್ತಿಗೆ ಜಿಯೆನ್ ಅಂತ ಹೆಸರು. ನೇರವಾದದ್ದು, ಎರಡೂ ಕಡೆ ಅಲಗು. ಆದರೆ ಕತ್ತಿ ಕುಣಿತದ ಒಂದು ಹಳೇ ಕತೆಯಲ್ಲಿ ಧ್ಯಾನವೂ ಇಲ್ಲ, ಶಾಂತಿಯೂ ಇಲ್ಲ. ಇರುವುದು ಕೊಲೆಯ ಸಂಚು! ಕ್ರಿ.ಪೂ. 206ರ ಹೊಂಗ್‌ಮೆನ್ ಔತಣದಲ್ಲಿ ಶಿಯಾಂಗ್ ಜುವಾಂಗ್ ಎಂಬವನು ಮನರಂಜನೆಯ ನೆಪದಲ್ಲಿ ಕತ್ತಿ ಹಿಡಿದು ಕುಣಿಯಲು ಎದ್ದ. ಗುರಿ ಇದ್ದದ್ದು ಅತಿಥಿ ಲಿಯು ಬಾಂಗ್‌ನ ಮೇಲೆ. ಅದನ್ನು ಅರಿತ ಶಿಯಾಂಗ್ ಬೋ ತಾನೂ ಕುಣಿಯುತ್ತಾ ಅವನಿಗೆ ಅಡ್ಡ ನಿಂತ. ಹಾಗೆ ಬದುಕಿಕೊಂಡ ಲಿಯು ಬಾಂಗ್ ಮುಂದೆ ಹಾನ್ ವಂಶದ ಮೊದಲ ಚಕ್ರವರ್ತಿಯಾದ.

ಇನ್ನು ತಾಂಗ್ ಕಾಲಕ್ಕೆ ಬರೋಣ. ಚಕ್ರವರ್ತಿ ಶುವಾನ್‌ಜೊಂಗ್‌ನ ಆಸ್ಥಾನದಲ್ಲಿ ಗೊಂಗ್‌ಸುನ್ ಎಂಬಾಕೆ ಈ ಕುಣಿತಕ್ಕೆ ಹೆಸರಾಗಿದ್ದಳು. ಅವಳನ್ನು ನೋಡಿದ ಮೇಲೆ ಜಾಂಗ್ ಶು ಎಂಬ ಲಿಪಿಕಾರನ ಕುಂಚದ ಓಟವೇ ಬದಲಾಯಿತಂತೆ. ಅವಳ ಕೈಯಲ್ಲಿ ನಿಜವಾಗಿ ಕತ್ತಿ ಇತ್ತೇ ಇಲ್ಲವೇ ಅಂತ ವಿದ್ವಾಂಸರು ಇನ್ನೂ ವಾದಿಸುತ್ತಾರೆ. ಇರಲಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕವಿ ದು ಫು. ಆತ ಪುಟ್ಟ ಹುಡುಗನಾಗಿದ್ದಾಗ ಅವಳ ಕುಣಿತ ನೋಡಿದ್ದ. 755ರಲ್ಲಿ ಆನ್ ಲುಶಾನ್ ದಂಗೆ ಎದ್ದಿತು. ಆಸ್ಥಾನದ ಕಲಾವಿದರು ದಿಕ್ಕಾಪಾಲಾದರು, ಕವಿಯೂ ಊರೂರು ಅಲೆದ. 767ರಲ್ಲಿ ದೂರದ ಕುಯಿಜೌನಲ್ಲಿ ಒಬ್ಬಾಕೆ ಕುಣಿಯುವುದನ್ನು ಕಂಡ. ಎಲ್ಲೋ ನೋಡಿದ ಹಾಗಿದೆಯಲ್ಲ! ನಿನ್ನ ಗುರು ಯಾರಮ್ಮ ಅಂತ ಕೇಳಿದರೆ, ಗೊಂಗ್‌ಸುನ್ ಎಂಬ ಉತ್ತರ ಬಂತು. ನಡುವೆ ಸುಮಾರು 50 ವರ್ಷ ಕಳೆದಿತ್ತು. ಅದರ ಮೇಲೆ ಕವಿತೆ ಬರೆದ. ಮೂರು ವರ್ಷಕ್ಕೆ, 770ರಲ್ಲಿ, ಊರು ಸೇರದೆಯೇ ತೀರಿಕೊಂಡ.

ಇದನ್ನು ಓದುವಾಗ ನನಗೆ ನೆನಪಾದದ್ದು ಮಾಟುಂಗಾದಲ್ಲಿ ಯಕ್ಷಗಾನ ನೋಡಲು ಹೋದ ರಾತ್ರಿ. ಚೆಂಡೆಯ ಮೊದಲ ಪೆಟ್ಟಿಗೇ ಅಪ್ಪನ ಹೆಗಲ ಮೇಲೆ ಕೂತು ನೋಡಿದ ಗದ್ದೆಯ ಆಟ ಕಣ್ಣಮುಂದೆ ಬಂದಿತ್ತು. ಊರು ಬಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ನಾನು ಕಲಿಯುತ್ತಿರುವ 32 ಪಟ್ಟುಗಳ ಕ್ರಮ ಅಷ್ಟು ಹಳೆಯದಲ್ಲ. 1957ರಲ್ಲಿ ಚೀನಾದ ಕ್ರೀಡಾ ಇಲಾಖೆ ಯಾಂಗ್ ಶೈಲಿಯಿಂದ ಆಯ್ದು ಜನಸಾಮಾನ್ಯರಿಗೆಂದು ರೂಪಿಸಿದ್ದು. ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಎರಡು ಬೆರಳು ನೀಟ, ಕಣ್ಣು ಕತ್ತಿಯ ತುದಿಯ ಜೊತೆಗೇ. ಮನಸ್ಸು ಆಚೆ ಹೋಯಿತೋ, ಕಾಲು ತಪ್ಪಿತು ಅಂತಲೇ ಲೆಕ್ಕ.

ಕೊಲ್ಲಲು ಎದ್ದ ಕತ್ತಿ ಈಗ ನನ್ನಂಥ ಮುದುಕನ ಮನಸ್ಸನ್ನು ಒಂದು ಕಡೆ ನಿಲ್ಲಿಸುತ್ತಿದೆ. ಮೊಣಕಾಲು ನೋವು ಮಾತ್ರ ಹಾಗೇ ಇದೆ ಮಾರಾಯ್ರೆ!