ಬೆರಳ ತುದಿಯ ಬೆಳಕು

ಅಂಧ ಮಕ್ಕಳ ಸೇವೆಗೆ ಮೊದಲ ಬಾರಿ ಹೊರಡುವ ಬೊಮ್ಮನಹಳ್ಳಿಯ ಯುವಜನರು ಒಂದು ಚರಿತ್ರೆಯನ್ನು ತಿಳಿದಿರಬೇಕು. 1785ರಲ್ಲಿ ಪ್ಯಾರಿಸ್ಸಿನಲ್ಲಿ ಇಂತಹ ಮಕ್ಕಳಿಗಾಗಿ ಶಾಲೆ ತೆರೆದ ವ್ಯಾಲೆಂಟಿನ್ ಹೌಯಿ ಕರುಣಾಳು. ಆದರೆ ಅವರು ಉಬ್ಬಚ್ಚಿನಲ್ಲಿ ಮುದ್ರಿಸಿದ್ದು ಕಣ್ಣುಳ್ಳವರ ಅಕ್ಷರಗಳನ್ನೇ. ಬೆರಳಿನಿಂದ ಓದುವುದು ಪ್ರಯಾಸ, ಬರೆಯುವುದಂತೂ ಇನ್ನೂ ಕಷ್ಟ. ಅದೇ ಶಾಲೆಯ ಅಂಧ ವಿದ್ಯಾರ್ಥಿ ಲೂಯಿ ಬ್ರೈಲ್, 1824ರಲ್ಲಿ, ತನ್ನ 15ನೆಯ ವಯಸ್ಸಿನಲ್ಲಿ, ಸೇನಾಧಿಕಾರಿ ಬಾರ್ಬಿಯೆ ಅವರ 12 ಚುಕ್ಕಿಗಳನ್ನು 6ಕ್ಕೆ ಇಳಿಸಿ, ಒಂದೇ ಬೆರಳ ತುದಿಗೆ ನಿಲುಕುವ ಲಿಪಿಯನ್ನು ರೂಪಿಸಿದನು. ಇಂದು ಕನ್ನಡವನ್ನೂ ಆ ಚುಕ್ಕಿಗಳಲ್ಲೇ ಓದುತ್ತಾರೆ.

1969ರಲ್ಲಿ ಸ್ಥಾಪಿತವಾದ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ನಮ್ಮ ಸಮೀಪದ ಜೆ.ಪಿ. ನಗರದಲ್ಲಿದೆ. ಅಂತಹ ಶಾಲೆಗೆ ಹೋದಾಗ ಮಗುವಿನ ಕೈಹಿಡಿದು ಎಳೆಯದಿರೋಣ. ಏನು ಬೇಕೆಂದು ಮೊದಲು ಕೇಳೋಣ. ನಮ್ಮ ಮೊಣಕೈಯನ್ನು ಮಗುವೇ ಹಿಡಿದು ನಡೆಯಲಿ. ಗುರುಗಳಿಗೆ ತೋಚದ ದಾರಿ ಪ್ಯಾರಿಸ್ಸಿನಲ್ಲಿ ಬಾಲಕನಿಗೆ ತೋಚಿತೆಂಬುದು ನಮಗೆ ನೆನಪಿರಲಿ.